ಬಾಬುಮಿಯಾನ ಹೋಟೆಲಿನ ಎರಡು ಪೇಪರು

ವಾಡಿ
೧೨ ಫೆಬ್ರುವರಿ, ಮುಂಜಾನಿ

ಅಪ್ಪಾ,

ಇಲ್ಲ, ನಾ ಯಾರ ಕಡೀನೂ ಸೇರಿಲ್ಲ. ನೀ ಬಾಯಿಬಿಟ್ಟು ಅಂದಿಲ್ಲ ಖರೆ, ಆದ್ರ ಸೊಲ್ಲಾಪುರದಿಂದ ಆ ವಿಡಿಯೊ ಕಳಿಸಿ, ಆಮ್ಯಾಲ ನನ್ನ ಫೋನೇ ಎತ್ತಲಿಲ್ಲಂದ್ರ ನಂಗ ತಿಳಿಯಂಗಿಲ್ಲೇನು? ಎಂಟನೇ ಕ್ಲಾಸಿಗೆ ಸಾಲಿ ಬಿಟ್ಟೀನಿ, ಬುದ್ಧಿ ಬಿಟ್ಟಿಲ್ಲ. ಅದಿರ್ಲಿ, ನಿನ್ನ ಸೊಂಟ ಹೆಂಗದ? ಎಣ್ಣಿ ಹಚ್ಕೊಳ್ಳಾಕತ್ತೀಯೋ ಇಲ್ಲೋ? ಅವ್ವ ದಿನಾ ನಿನ್ನ ಬೈತಾಳ, ಅಂದ್ರ ಭಾಳ ಆರಾಮ ಅದಾಳ.

ಮೊನ್ನೆ ನಮ್ಮೂರಾಗ ಆದ ಮೆರವಣಿಗಿ ಜಗಳದಾಗ ನಮ್ಮವ್ರೆಲ್ಲ ಆಕಳಂಥವ್ರು ಅಂತದ ನೀ ನೋಡೋ ಚಾನಲ್. ಬಾಬುಮಿಯಾ ಚಾಚಾನ ಓಣ್ಯಾಗ ನೋಡೋ ಚಾನಲ್‌ನ್ಯಾಗ ನಾವೆಲ್ಲ ತಲವಾರ ಹಿಡದವ್ರು. ತಲವಾರಂತ! ನಮ್ಮ ಮನ್ಯಾಗ ಉಳ್ಳಾಗಡ್ಡಿ ಹೆಚ್ಚೋ ಚಾಕೂಗೇ ಧಾರಿಲ್ಲ.

ಸ್ಟೇಷನ್ ಎದುರಿನ ಚಾಚಾನ ಹೋಟೆಲ್ ನೆನಪದೇನು ನಿಂಗ? ಹೈದ್ರಾಬಾದ ರೈಲಿಗೆ ಅವನ ಉರ್ದು ಪೇಪರ್ ಬರ್ತಿತ್ತು, ನಿನ್ನ ಕೈಯಾಗ ಕನ್ನಡ ಪೇಪರ್. ನಾ ನಿನ್ನ ಮಗ್ಗಲಕ ಕುಂತು ಚಹಾದಾಗ ಖಾರಿ ಬಿಸ್ಕೀಟ ಅದ್ದಿ ತಿಂತಿದ್ದೆ. ಎಲ್ಲಾದ್ರೂ ಗಲಾಟಿ ಆತಂದ್ರ ನಿಮ್ದೊಂದು ಕಾಯ್ದೆ. ಒಬ್ಬೊಬ್ರೂ ತಮ್ಮ ಪೇಪರಿನ್ಯಾಗ ತಮ್ಮ ಮಂದಿ ತಪ್ಪು ಒಪ್ಕೊಂಡಿದ್ದಷ್ಟೇ ಜೋರಾಗಿ ಓದ್ಬೇಕು. ಎದುರಿನವ್ರ ತಪ್ಪು ಓದಾಕ ಹೋದಾಂವನ ಚಹಾ ಕಸ್ಕೋಬೇಕು. "ಉಳದದ್ದೆಲ್ಲ ಬರೇ ಮಸಾಲಿ ನೋಡು, ಅಯ್ಯಪ್ಪಾ" ಅಂತ ಚಾಚಾ ನಿನ್ನ ಹೆಸರು ಹಿಡದು ನಗ್ತಿದ್ದ. ಒಂದೊಂದು ದಿನ ಇಬ್ರಿಗೂ ಓದಾಕ ಒಂದು ಸಾಲೂ ಸಿಗ್ತಿರಲಿಲ್ಲ, ಸುಮ್ನ ಚಹಾ ಕುಡದು ಏಳ್ತಿದ್ರಿ. ಆ ಹೊಗಿ, ಆ ನಗಿ, ಏನ ದಿನ ಇದ್ವು! ಆ ಅಯ್ಯಪ್ಪ ಎಲ್ಲಿ ಹೋದ ಅಪ್ಪಾ? ಫೋನಿನಾಗ ಬಂದದ್ದೆಲ್ಲ ಈಗ ನಿಂಗ ಖರೆ!

ನೀ ಕಳಿಸಿದ ವಿಡಿಯೊದಾಗ ಚಾಚಾನ ಮಗ ಸಿರಾಜುದ್ದೀನ ಕೈ ಎತ್ತಿದ್ದು ಕಲ್ಲು ಒಗ್ಯಾಕಲ್ಲ, ಹೋಟೆಲಿನ ಶಟರ್ ಎಳ್ಯಾಕ. ಮ್ಯಾಲಿನ ಶಟರ್ ಕಾಣದಂಗ ಕತ್ತರಿಸ್ಯಾರ. ಅದೇ ವಿಡಿಯೊ ಹಿಡ್ಕೊಂಡು ಪೊಲೀಸ್ರು ಅವನ್ನ ಒಳಗ ಹಾಕ್ಯಾರ. ಚಾಚಾ ಹೋಟೆಲ್ ತೆಗದಿಲ್ಲ. ಎದುರಿಗೆ ಸಿಕ್ರ ನಿನ್ನ ಸೊಂಟ ಹೆಂಗದಂತ ಕೇಳ್ತಾನ. ಏನ ಹೇಳ್ಲಿ?

ಅವ್ವ ಹೊತ್ತಿಗೆ ಸರಿಯಾಗಿ ಉಣ್ಣಂದಾಳ. ತಂಗಿ ಶ್ರುತಿ ನಮಸ್ಕಾರ ಹೇಳ್ಯಾಳ.

ಸಿಟ್ಟಿನಾಗಿದ್ರೂ ನಿನ್ನ ಮಗನೇ,
ಭಾಗಣ್ಣ

ತಾ.ಕ.: ಮೊದಲ್ನೇ ಕಲ್ಲು ಒಗದಾಂವ ನಮ್ಮ ದೊಡ್ಡಪ್ಪನ ಮಗ ಶರಣಕುಮಾರ. ನನ್ನ ಬಾಜೂಕ ನಿಂತೇ ಒಗದ. ಅದನ್ನ ಹೇಳಾಕ ಚಿತ್ತಾಪುರ ಕೋರ್ಟಿಗೆ ಹೊಂಟೀನಿ. "ಹೋದ್ಯಂದ್ರ ತಿರುಗಿ ಈ ಮನಿ ಮೆಟ್ಟಬ್ಯಾಡ" ಅಂತ ದೊಡ್ಡಪ್ಪ ಪಡಸಾಲ್ಯಾಗ ಒದರಾಕತ್ತಾನ. ಅವ್ವ ಅಳಾಕತ್ತಾಳ. ಪತ್ರ ಸ್ಟೇಷನ್ ಡಬ್ಬಿಗೆ ಹಾಕಿ ಹೋಗ್ತೀನಿ. ಈಗ ಹೊರಗ ಹೋಗೂಮುಂದ ಬಾಗಲಾ ಎಷ್ಟು ಜೋರ ಎಳದು ಬಡೀತೀನಂದ್ರ, ಸೊಲ್ಲಾಪುರಕ್ಕ ಕೇಳಸ್ಬೇಕು.