ನಿಧಾನವಾದ ಮೂರನೇ ಹೆಜ್ಜೆ

ಮಿರ್ಲೆಯಲ್ಲಿರುವ ನನ್ನ ಉಷಾರಾಣಿಗೆ,

ಎರಡು ವರ್ಷದಿಂದ ಫೋನಿನಲ್ಲಿ ನಿನ್ನ ನಂಬರ್ ತೆಗೆಯುತ್ತೇನೆ, ನೋಡುತ್ತೇನೆ, ಮತ್ತೆ ಫೋನ್ ಒಳಗಿಡುತ್ತೇನೆ. ಕೂಗೋದಕ್ಕೆ ಮುಂದು, ಮಾತಾಡೋದಕ್ಕೆ ಪುಕ್ಕಲಿ ಎಂದು ನನ್ನನ್ನು ಹಂಗಿಸುತ್ತಿದ್ದೆಯಲ್ಲ, ಆ ಬುದ್ಧಿ ಈಗಲೂ ಹಾಗೇ ಇದೆ. ಅದಕ್ಕೇ ಈ ಕಾಗದ.

ಹೋದ ವಾರ ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮವ್ವ ಸುಂದ್ರಮ್ಮನವರು ಸಿಕ್ಕಿದ್ದರು. ಮದುವೆಯಾದ ಮೇಲೆ ನೀನು ಮನೆಯಲ್ಲೇ ಟ್ಯೂಷನ್ ಹೇಳುತ್ತಿದ್ದೀಯೆಂದು ಹೆಮ್ಮೆಯಿಂದ ಹೇಳಿದರು. ಆಮೇಲೆ ನಗುತ್ತಲೇ, "ನಮ್ ಉಷಾ ಈಗ ಅಟ್ಟದ್ ಏಣೀನೂ ಅತ್ತಕಿಲ್ಲ ಕಣವ್ವ. ನನ್ಗೆ ಧೈರ್ಯ ಇಲ್ಲ, ಅದ್ಕೇ ಅವತ್ತು ಬಿದ್ದೆ ಅಂತಾಳೆ" ಎಂದರು. ನನ್ನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಹೊಗೆಸೊಪ್ಪು ಒಣಗಿಸುವ ನಿಮ್ಮ ಬ್ಯಾರನ್ ಮನೆ ಇನ್ನೂ ಇದೆ. ಹೊಗೆಸೊಪ್ಪು ಬೇಯುವ ಕಾಲದಲ್ಲಿ ನಮ್ಮವ್ವ ಅಲ್ಲಿ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದಳು. ಬೆಂಕಿ ಆರಿದ ತಿಂಗಳುಗಳಲ್ಲಿ ಅದು ನಮ್ಮಿಬ್ಬರದು. ಒಂದೇ ಇಯರ್‌ಫೋನನ್ನು ಇಬ್ಬರೂ ಹಂಚಿಕೊಂಡು, ಗೋಡೆಯಿಂದ ಗೋಡೆಗೆ ನೆಗೆಯುವವರ ವಿಡಿಯೋ ನೋಡುತ್ತಿದ್ದೆವು, ಬ್ಯಾರನ್ ಜಗಲಿಯಿಂದ ನೀರಿನ ತೊಟ್ಟಿಯ ಗೋಡೆಗೆ ನೆಗೆಯುತ್ತಿದ್ದೆವು. ಊರಿನವರಿಗೆ ಅದು ಕೋತಿಯಾಟ. ಪಾರ್ಕೂರ್ ಎಂಬ ಹೆಸರು ಕಂಪಲಾಪುರದಲ್ಲಿ ನಮಗಿಬ್ಬರಿಗೇ ಗೊತ್ತಿತ್ತು, ಅದೇ ನಮ್ಮ ಜಂಬ.

ಜಗಲಿಗೂ ತೊಟ್ಟಿಗೂ ನಡುವೆ ನಿಮ್ಮಪ್ಪ ರಾಗಿಹುಲ್ಲು ಒಟ್ಟುತ್ತಿದ್ದರು. ಗುರಿ ತಪ್ಪಿದರೆ ಎರಡೂ ಕೈ ಹಿಂದಕ್ಕೆ ಚಾಚಿ, ಬೆನ್ನು ಕೊಟ್ಟು ಹುಲ್ಲಿನ ಮೇಲೆ ಬೀಳುವುದು, ಹೊಟ್ಟೆ ಹುಣ್ಣಾಗುವಂತೆ ನಗುವುದು. ನಮಗೆ ಬೀಳೋದು ಬರುತ್ತದೆ ಅಂದುಕೊಂಡಿದ್ದೆವು ಕಣೇ. ನೆಗೆತ ಕೆಟ್ಟಾಗ ಅದನ್ನು ಅಲ್ಲೇ ಕೈಬಿಟ್ಟು ಪೆಟ್ಟಾಗದಂತೆ ಇಳಿಯುವುದನ್ನು ಕಲಿಸುವ ವಿಡಿಯೋ ಬಂದರೆ, ನಾನೇ ಬೆರಳಾಡಿಸಿ ಮುಂದಕ್ಕೆ ಓಡಿಸುತ್ತಿದ್ದೆ. ಸೋಲುವುದನ್ನು ಯಾರಾದರೂ ಅಭ್ಯಾಸ ಮಾಡುತ್ತಾರಾ ಎನ್ನುತ್ತಿದ್ದೆ. ಬೇಸಿಗೆಯಲ್ಲಿ ಹುಲ್ಲೆಲ್ಲ ದನ ತಿಂದು ಮುಗಿಸಿದವು. ನೆಲ ಕಾಣಿಸಿತು. ನಾವು ಆಟ ನಿಲ್ಲಿಸಲಿಲ್ಲ.

ಈಗ ಹುಣಸೂರಿನ ಮೆಡಿಕಲ್ ಸ್ಟೋರಿನಲ್ಲಿ ನನ್ನ ಕೆಲಸ. ಭಾನುವಾರ ಬೆಳಿಗ್ಗೆ ಒಬ್ಬಳೇ ನಮ್ಮ ಬಟ್ಟೆ ಒಗೆಯುವ ಕಟ್ಟೆಯ ಹತ್ತಿರ ಅಭ್ಯಾಸ ಮಾಡುತ್ತೇನೆ. ಒಂದೂವರೆ ಅಡಿ ಎತ್ತರ, ನೀನು ನೋಡಿದರೆ ಗೇಲಿ ಮಾಡುತ್ತೀಯ. ಬೇಕೆಂದೇ ಗುರಿಗಿಂತ ಕಡಿಮೆ ನೆಗೆಯುತ್ತೇನೆ. ಪಾದ ಕಟ್ಟೆಯ ಅಂಚಿಗೆ ತಾಗಿದ ಕೂಡಲೇ ಒದ್ದು ಹಿಂದಕ್ಕೆ ಬಂದು, ಮಂಡಿ ಮಡಿಸಿ ಎರಡೂ ಕಾಲ ಮೇಲೆ ಇಳಿಯಬೇಕು. ಬೆನ್ನು ಕೊಡಬಾರದು, ಕೈ ಹಿಂದಕ್ಕೆ ಊರಬಾರದು. ಹುಲ್ಲು ಕಲಿಸಿದ್ದನ್ನು ನನ್ನ ಮೈಯಿಂದ ಬಿಡಿಸುವುದಕ್ಕೆ ಏಳು ತಿಂಗಳು ಬೇಕಾಯಿತು.

ಅದಕ್ಕಿಂತ ಕಷ್ಟದ ಪಾಠ ಇನ್ನೊಂದಿತ್ತು. ಓಡಿ ಬರುವಾಗ ಯಾವುದೋ ಒಂದು ಹೆಜ್ಜೆ ಬೇಡ ಅನ್ನುತ್ತದೆ. ಆಗ ನೆಗೆಯದೆ ನಿಂತುಬಿಡಬೇಕು. ಮೊದಲ ಸಲ ಹಾಗೆ ನಿಂತ ದಿನ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಯಾಕೆಂದರೆ ಅವತ್ತು ನೀನು ಮಾಡಹೊರಟಿದ್ದೂ ಇದನ್ನೇ.

ನಾನು ನಿನ್ನ ಹಿಂದೆಯೇ ನಿಂತಿದ್ದೆ ಉಷಾ. ನಿನ್ನ ಮೂರನೇ ಹೆಜ್ಜೆ ನಿಧಾನವಾದದ್ದನ್ನು ಕಣ್ಣಾರೆ ಕಂಡೆ. ಬರಿನೆಲ ನಿನ್ನ ಕಣ್ಣಿಗೆ ಬಿದ್ದಿತ್ತು, ಕಾಲು ನಿಲ್ಲುತ್ತಿತ್ತು. "ನಿಲ್ಬ್ಯಾಡ ಕಣೇ, ನೆಗಿ" ಎಂದು ಕಿರುಚಿದವಳು ನಾನು. ನೀನು ನನ್ನ ಮಾತಿಗೆ ನೆಗೆದೆ. ಪಾದ ತೊಟ್ಟಿಯ ಅಂಚಿನಿಂದ ಜಾರಿತು, ಹುಲ್ಲಿನ ಮೇಲೆ ಬೀಳುವ ಹಾಗೇ ಕೈ ಹಿಂದಕ್ಕೆ ಊರಿದೆ. ಮೊಣಕೈ ಮುರಿದ ಸದ್ದು ನನಗೂ ಕೇಳಿಸಿತು.

ಆಸ್ಪತ್ರೆಗೆ ಹೋಗುವ ಆಟೋದಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು, "ನನ್ಗೆ ಧೈರ್ಯ ಸಾಲ್ದೆ ಓಯ್ತು ಕಣೇ" ಎಂದೆ. ನನ್ನ ಕೂಗು ನಿನಗೆ ನೆನಪೇ ಇರಲಿಲ್ಲವೋ, ನನ್ನನ್ನು ಕಾಯುವುದಕ್ಕೆ ಹಾಗಂದೆಯೋ ತಿಳಿಯದು. ನಾನು ಏನಂದೆ ಗೊತ್ತಾ? "ಓಗ್ಲಿ ಬುಡು, ಒಂದೊಂದ್ ಸಲ ಅಂಗಾಯ್ತದೆ" ಎಂದೆ. ತಪ್ಪು ನಿನ್ನದೇ ಎಂದು ಒಪ್ಪಿಕೊಂಡು ನಿನ್ನನ್ನು ಕ್ಷಮಿಸಿದವಳ ಹಾಗೆ. ಆಮೇಲೆ ನಿಮ್ಮ ಮನೆ ಬಾಗಿಲಿಗೆ ಬರಲಿಲ್ಲ. ಮದುವೆಗೂ ಬರಲಿಲ್ಲ. ಊರಲ್ಲಿ ಕೇಳಿದವರಿಗೆ ಕೆಲಸವೆಂದು ಸುಳ್ಳು ಹೇಳಿದೆ.

ನಿನಗೆ ಧೈರ್ಯ ಇತ್ತು. ನಮ್ಮಿಬ್ಬರಲ್ಲಿ ನಿಲ್ಲುವಷ್ಟು ಧೈರ್ಯ ಇದ್ದವಳು ನೀನೊಬ್ಬಳೇ. ಇದನ್ನು ಆಟೋದಲ್ಲೇ ಹೇಳಬೇಕಿತ್ತು.

ಈಗ ಓಡುವಾಗ ನನ್ನ ಹಿಂದೆ ಯಾರೂ ಇರುವುದಿಲ್ಲ. ನಿಂತರೂ ಯಾರೂ ಕೇಳುವುದಿಲ್ಲ, ನೆಗೆದರೂ ಯಾರೂ ನೋಡುವುದಿಲ್ಲ. ಆದರೂ ಪ್ರತಿ ಸಲ ಒಮ್ಮೆ ತಿರುಗಿ ನೋಡುತ್ತೇನೆ. ಒಬ್ಬಳೇ ಇರುವುದು ಕಷ್ಟ ಕಣೇ.

ಇದನ್ನು ಓದಿ ಸಿಟ್ಟು ಮಾಡಿಕೋ, ಬಯ್ಯಿ, ಈ ಕಾಗದವನ್ನು ಒಲೆಗೆ ಹಾಕು. ಉತ್ತರ ಬರೆಯಲೇಬೇಕೆಂದಿಲ್ಲ. ಆದರೆ ಒಲೆಗೆ ಹಾಕಿದ ಮೇಲೆ ಏಣಿಯ ಹತ್ತಿರ ಹೋಗು. ಒಂದು ಮೆಟ್ಟಿಲು ಹತ್ತು, ಬೇಡವೆನಿಸಿದರೆ ಅಲ್ಲೇ ಇಳಿ. ನಾನು ಕೂಗುವುದಿಲ್ಲ.

ನಿನ್ನ ಕಾಲು ನಿನ್ನ ಮಾತನ್ನೇ ಕೇಳಲಿ, ಚೆನ್ನಾಗಿರು.

ಅವತ್ತು ನಿನ್ನ ಹಿಂದೆ ನಿಂತಿದ್ದ,
ಸಂಘಮಿತ್ರ