ಎಡ ರನ್‌ವೇ ಒತ್ತಿದವರಿಗೆ ಕ್ಷಮೆ, ಕೂಗಿದವಳಿಗೆ ನೋಟೀಸು

ಮಾನ್ಯ ಶಿಸ್ತು ವಿಭಾಗದ ಮುಖ್ಯಾಧಿಕಾರಿಗಳೇ,

ತಮ್ಮ ಸಂಸ್ಥೆಯ ವಿಮಾನವೊಂದು ತಪ್ಪು ರನ್‌ವೇ ಕಡೆಗೆ ಹೋಗುವುದನ್ನು ತಡೆದ ಘೋರ ಅಪರಾಧಕ್ಕಾಗಿ ನನ್ನ ಅಕ್ಕ ವಿಜಯಶ್ರೀಗೆ ತಾವು ನೋಟೀಸು ಜಾರಿ ಮಾಡಿದ್ದೀರಿ. ಬರುವ ಸೋಮವಾರ ಅವಳ ವಿಚಾರಣೆ. ತೀರ್ಪು ಕೆಟ್ಟರೆ ಅವಳು ಮತ್ತೆ ವಿಮಾನದ ಮುಂದಿನ ಸೀಟಿನಲ್ಲಿ ಕೂರುವಂತಿಲ್ಲ. ಪತ್ರಿಕೆಗೆ ಕಳಿಸುತ್ತಿರುವ ಈ ಬಹಿರಂಗ ಪತ್ರದಲ್ಲಿ ತಮ್ಮ ಸಂಸ್ಥೆಯ ಹೆಸರನ್ನು ನಾನು ಬರೆದಿಲ್ಲ. ಅದು ಹೆದರಿಕೆಯಲ್ಲ, ಜೇವರ್ಗಿ ದಾಟಿ ನಮ್ಮೂರು ಇಜೇರಿಯವರೆಗೆ ಇನ್ನೊಂದು ನೋಟೀಸು ಹೊತ್ತು ತರುವ ಅಂಚೆಯವನ ಮೇಲಿನ ಕರುಣೆ.

ನಡೆದದ್ದಿಷ್ಟು. ಅಕ್ಕ ಸಹಪೈಲಟ್. ಆ ದಿನ ವಿಮಾನ ಹಾರಿಸುವ ಸರದಿ ಅವಳದು, ಕಂಪ್ಯೂಟರಿಗೆ ದಾರಿ ತುಂಬಿಸುವ ಕೆಲಸ ಪಕ್ಕದ ಕ್ಯಾಪ್ಟನ್ನರದು. ದೊಡ್ಡ ಊರಿನ ನಿಲ್ದಾಣ. ಅಕ್ಕಪಕ್ಕದಲ್ಲಿ ಎರಡು ರನ್‌ವೇ. ಎಡದ್ದಕ್ಕೆ ಬನ್ನಿ ಎಂದಿದ್ದ ಟವರಿನವರು, ಇಳಿಯಲು ಕೆಲವೇ ನಿಮಿಷ ಇರುವಾಗ, ಬೇಡ, ಬಲದ್ದಕ್ಕೆ ಬನ್ನಿ ಎಂದರು. ಕ್ಯಾಪ್ಟನ್ನರು ತಲೆ ತಗ್ಗಿಸಿ ಟಕಟಕ ಒತ್ತಿದರು. ಅವಸರದಲ್ಲಿ ಹಳೆಯ ಎಡವನ್ನೇ ಮತ್ತೊಮ್ಮೆ ಒತ್ತಿ, ಅಕ್ಕನಿಗೆ ತೋರಿಸದೆ ಪಕ್ಕಾ ಮಾಡಿಬಿಟ್ಟರು. ಕಂಪ್ಯೂಟರ್ ಎಂಬುದು ಬಹಳ ವಿಧೇಯ ಪ್ರಾಣಿ. ತಪ್ಪು ಹೇಳಿದರೂ ಎದುರಾಡದೆ ಮಾಡುತ್ತದೆ. ತಮ್ಮ ವಿಭಾಗದಲ್ಲಿದ್ದಿದ್ದರೆ ಇಷ್ಟರಲ್ಲಿ ಅದಕ್ಕೆ ಬಡ್ತಿ ಸಿಕ್ಕಿರುತ್ತಿತ್ತು. ವಿಮಾನ ವಿಧೇಯವಾಗಿ ಎಡಕ್ಕೆ ಹೊರಟಿತು. ಎಡದ ರನ್‌ವೇಯ ಮೇಲೆ ಇನ್ನೊಂದು ವಿಮಾನ ಜನರನ್ನು ತುಂಬಿಕೊಂಡು ನಿಂತಿತ್ತು.

ಅಕ್ಕ ನಿಯಮದ ಇಂಗ್ಲಿಷಿನಲ್ಲಿ ಒಮ್ಮೆ ಕೇಳಿದಳು: ಸರ್, ಒತ್ತಿದ್ದು ಬಲದ್ದೇ ಎಂದು ದಯವಿಟ್ಟು ಖಚಿತಪಡಿಸಿ. ಖಚಿತ ಎಂದರು. ಎರಡನೆಯ ಸಲ ಕೇಳಿದಳು. ಖಚಿತ ಎಂದೆನಲ್ಲ ಎಂದರು. ಮೂರನೆಯ ಸಲ ಇಂಗ್ಲಿಷು ಕೈಕೊಟ್ಟಿತು, ಇಜೇರಿ ಕೈಹಿಡಿಯಿತು. ಅವಳು ಕೂಗಿದ್ದನ್ನು ತಾವೇ ನೋಟೀಸಿನಲ್ಲಿ ಆರೋಪವಾಗಿ ನಮೂದಿಸಿದ್ದೀರಿ: "ಸಾಹೇಬ್ರ, ಕೈ ತಗೀರಿ! ತಪ್ಪ ಒತ್ತೀರಿ, ಎಡಕ್ಕ ಹೊಂಟದ!"

ಇದು "ಅನಧಿಕೃತ ಭಾಷೆಯಲ್ಲಿ ಹಿರಿಯರ ಮೇಲೆ ಏರುದನಿ" ಎಂದು ತಮ್ಮ ತೀರ್ಮಾನ. ಸ್ವಾಮಿ, ಮುಂದೆ ಸಾವು ನಿಂತಿರುವಾಗಲೂ ಸಾಹೇಬರೇ ಎಂದು ಸಂಬೋಧಿಸಿ, ರೀ ಹಚ್ಚಿ ಮಾತಾಡಿದ್ದಾಳೆ. ಮನೆಯಲ್ಲಿ ನನಗೆ ಇಷ್ಟು ಮರ್ಯಾದೆ ಎಂದೂ ಸಿಕ್ಕಿಲ್ಲ. ಇನ್ನು ಭಾಷೆಯ ವಿಚಾರ: ಕನ್ನಡದ ಗಂಧವೇ ಇಲ್ಲದ ಆ ಕ್ಯಾಪ್ಟನ್ನರಿಗೆ ಎರಡು ಸಲದ ಇಂಗ್ಲಿಷು ಅರ್ಥವಾಗಿರಲಿಲ್ಲ, ಒಂದು ಸಲದ ಕನ್ನಡ ಅರ್ಥವಾಯಿತು. ಕಂಪ್ಯೂಟರಿನಿಂದ ಕೈ ತೆಗೆದರು. ಅಕ್ಕ ವಿಮಾನವನ್ನು ಮೇಲೆತ್ತಿ, ಒಂದು ಸುತ್ತು ಹಾಕಿ, ಬಲದ ರನ್‌ವೇಯಲ್ಲಿ ಇಳಿಸಿದಳು. ಕ್ಯಾಪ್ಟನ್ನರ ಕಡತದಲ್ಲಿ "ಬೆರಳು ಜಾರಿದೆ, ಎಚ್ಚರಿಸಲಾಗಿದೆ" ಎಂದು ಬರೆದು ಮುಗಿಸಿದಿರಿ. ಜಾರಿದ ಬೆರಳಿಗೆ ಎಷ್ಟು ಅಂತಃಕರಣ! ಜಾರದ ಗಂಟಲಿಗೆ ಮಾತ್ರ ವಿಚಾರಣೆ.

ಕ್ಯಾಪ್ಟನ್ನರ ಮೇಲೆ ನನಗೆ ಸಿಟ್ಟಿಲ್ಲ. ಬೆರಳು ಯಾರದಾದರೂ ಜಾರುತ್ತದೆ ಎಂಬುದನ್ನು ನಾನು ವೈಜ್ಞಾನಿಕವಾಗಿ ಸಾಬೀತುಪಡಿಸಿದ್ದೇನೆ. ಕಳೆದ ಭಾನುವಾರ ಇಜೇರಿಯಲ್ಲಿ ಏಕಸದಸ್ಯ ತನಿಖಾ ಆಯೋಗ ರಚನೆಯಾಯಿತು. ಸದಸ್ಯ ನಾನೇ. ಟ್ರ್ಯಾಕ್ಟರಿನ ಮೇಲೆ ಕ್ಯಾಪ್ಟನ್ನಾಗಿ ನಮ್ಮ ಶ್ರೀಮಂತ ಕಾಕಾ. ಪಕ್ಕದ ಮಡ್‌ಗಾರ್ಡ್ ಮೇಲೆ ಮೊಬೈಲಿನ ನಕ್ಷೆ ಹಿಡಿದು ಟೇಲರ್ ಅಬ್ದುಲ್ ಗನಿ ಚಾಚಾ. ಬೇವಿನ ಗಿಡ ಏರಿ ನಾನೇ ಟವರ್. ಕೊಳಕೂರಿಗೆಂದು ಹೊರಟವರಿಗೆ ತಿರುವು ಹತ್ತಿರ ಬಂದಾಗ, ಬೇಡ, ಜೇವರ್ಗಿ ರಸ್ತೆ ಹಿಡಿಯಿರಿ ಎಂದು ಆದೇಶಿಸಿದೆ. ಇಬ್ಬರೂ ಮೊಬೈಲಿನ ಮೇಲೆ ಬಾಗಿದರು. ಟ್ರ್ಯಾಕ್ಟರು ಅತ್ತಲೂ ಹೋಗದೆ, ಇತ್ತಲೂ ಹೋಗದೆ, ನೆಟ್ಟಗೆ ಗುರಮ್ಮನ ತೊಗರಿ ಹೊಲಕ್ಕೆ ಹೊರಟಿತು.

ಬದುವಿನ ಮೇಲಿದ್ದ ಗುರಮ್ಮ ಕೂಗಿದಳು: "ಲೇ ಶ್ರೀಮಂತ್ಯಾ, ಕಣ್ಣ ಮನ್ಯಾಗ ಬಿಟ್ಟ ಬಂದೀಯೇನ? ನಿಂದ್ರಸಲೇ!"

ಟ್ರ್ಯಾಕ್ಟರು ನಿಂತಿತು. ಎರಡೇ ಗಿಡ ಮುರಿದಿದ್ದವು. ಗನಿ ಚಾಚಾ ಮೊಬೈಲು ಎತ್ತಿ ತೋರಿಸಿ, "ನಂದೇನ್ ತಪ್ಪಿಲ್ಲ ಬೇಟಾ, ಮೊಬೈಲ್ ಬರೋಬರಿ ಅದ. ಹೊಲಾನೇ ಅಡ್ಡ ಬಂತು" ಎಂದರು. ಆಯೋಗದ ವರದಿ: ಕೊನೆ ಗಳಿಗೆಯಲ್ಲಿ ದಾರಿ ಬದಲಿಸಿದರೆ ಇಬ್ಬರು ಜಾಣರೂ ಒಂದೇ ಪರದೆಗೆ ತಲೆ ಬಾಗಿಸುತ್ತಾರೆ, ಎದುರಿಗೇನಿದೆ ಎಂದು ನೋಡುವವರು ಇರುವುದಿಲ್ಲ. ಆಗ ಕೂಗುವವರೊಬ್ಬರು ಬೇಕು. ಆಯೋಗವು ಗುರಮ್ಮನಿಗೆ ನೋಟೀಸು ಕೊಡಲಿಲ್ಲ, ಚಹಾ ಕೊಟ್ಟಿತು.

ಅಕ್ಕನಿಗೆ ಈ ದುರಭ್ಯಾಸ ಎಲ್ಲಿಂದ ಬಂತು ಎಂದು ತಾವು ಸೋಮವಾರ ಕೇಳಬಹುದು. ನಾನೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಕಣದಲ್ಲಿ ಕಾಳಿನ ರಾಶಿ ಅಳೆಯುವಾಗ ಅಳೆಯುವವರು ಬೇರೆ, ಎಣಿಸುವವರು ಬೇರೆ. ಒಬ್ಬರು ಅಳತೆ ತುಂಬಿ ಸುರುವುತ್ತ ಅಂಕಿ ಕೂಗುತ್ತಾರೆ, ಇನ್ನೊಬ್ಬರು ಅದನ್ನೇ ತಿರುಗಿ ಕೂಗುತ್ತಾರೆ. ಮೊದಲನೆಯದನ್ನು ಒಂದು ಎನ್ನದೆ ಲಾಭ ಎನ್ನುವುದು ರೂಢಿ. ನಡುವೆ ಎಣಿಕೆ ತಪ್ಪಿದರೆ ಯಾರೂ ನೆನಪಿನ ಮೇಲೆ ಮುಂದುವರಿಸುವುದಿಲ್ಲ. ಅಳೆದದ್ದನ್ನೆಲ್ಲ ರಾಶಿಗೇ ಸುರುವಿ ಮತ್ತೆ ಲಾಭದಿಂದ ಶುರು. ಅದರಲ್ಲಿ ನಾಚಿಕೆಯಿಲ್ಲ. ಎಂಟು ವರ್ಷದ ಅಕ್ಕ ಎಣಿಸಲು ಕೂತಿದ್ದಳು, ಕಾಕಾ ಅಳೆಯುತ್ತಿದ್ದ. ನಡುನಡುವೆ ಸುಳ್ಳು ಅಂಕಿ ಕೂಗಿ ಕೆಡಿಸುವ ಹೊಣೆ ನನ್ನದು. (ಇಂಥ ಕಠಿಣ ತರಬೇತಿ ತಮ್ಮ ಸಿಮ್ಯುಲೇಟರಿನಲ್ಲಿದೆಯೇ?)

"ಕಾಕಾ, ಹದಿನೇಳ ಎರಡ ಸಲ ಅಂದಿ!" ಎಂದು ಅಕ್ಕ ಕೂಗಿದಳು.

"ಸುಮ್ನಿರ್ ಬೇ, ನಾ ಹುಟ್ಟಿದಾಗಿಂದ ಅಳ್ಯಾಕತ್ತೇನಿ."

"ಹುಟ್ಟಿದಾಗಿಂದ ತಪ್ಪ ಅಳದಿ ಹಂಗಾರ. ಸುರು ಹೊಳ್ಳಿ!"

ಕಣದಲ್ಲಿದ್ದವರೆಲ್ಲ ನಕ್ಕರು. ಕಾಕಾನ ಮುಖ ಬದನೆಕಾಯಿಯಾಯಿತು. ಆದರೂ ಹದಿನೇಳನ್ನೂ ರಾಶಿಗೆ ಸುರುವಿದ. ಮರುವರ್ಷ ಅವಳು ಶಾಲೆಯಿಂದ ಬರುವ ತನಕ ಅಳತೆಗೆ ಕೈಯನ್ನೇ ಹಚ್ಚಲಿಲ್ಲ. ಅಕ್ಷರ ಬಾರದ ಕಾಕಾನಿಗೆ ತಿಳಿದದ್ದು ತಮಗೇಕೆ ತಿಳಿಯಲಿಲ್ಲ? ಅಕ್ಕ ವಿಮಾನ ಮೇಲೆತ್ತಿ ಸುತ್ತು ಹಾಕಿದ್ದು ಸುರುವಿ ಮತ್ತೆ ಅಳೆದದ್ದಲ್ಲದೆ ಇನ್ನೇನು?

ಇಷ್ಟು ಹೊತ್ತು ನಗುತ್ತ ಬರೆದೆ. ನಿನ್ನೆ ಅಕ್ಕನ ಫೋನು ಬಂದಿತ್ತು. ಆಯೋಗದ ವರದಿಯನ್ನು ಗಂಭೀರವಾಗಿ ಓದಿ ಹೇಳಿದೆ. ನಗಲಿಲ್ಲ. "ಮಾಳ್ಯಾ, ಚ್ಯಾಷ್ಟಿ ಸಾಕು" ಎಂದಳು. ಫೋನು ಕಸಿದುಕೊಂಡ ನಮ್ಮವ್ವ ಹಣಮವ್ವ, ಸೋಮವಾರ ಏನು ಹೇಳುತ್ತೀ ಎಂದು ಕೇಳಿದಳು.

"ತಪ್ಪಾತು ಅಂತೇನಿ ಯವ್ವಾ. ಇನ್ಮ್ಯಾಲ ಯಾರ್ ಏನರೆ ಒತ್ತಲಿ, ಸುಮ್ನ ಕೂಡ್ತೇನಿ."

ಮಾನ್ಯರೇ, ತಮ್ಮ ನೋಟೀಸು ಆಗಲೇ ಗೆದ್ದಿದೆ. ಅವಳೊಬ್ಬಳೇ ಅಲ್ಲ, ಅದರ ಸುದ್ದಿ ಕೇಳಿದ ಎಲ್ಲ ಸಹಪೈಲಟ್ಟುಗಳೂ ಸುಮ್ಮನಿರಲು ಕಲಿಯುತ್ತಿರಬೇಕು. ತಾವೂ ವಿಮಾನದಲ್ಲಿ ಓಡಾಡುವವರೇ. ಮುಂದಿನ ಸಲ ವಿಮಾನ ಇಳಿಯುತ್ತಿರುವಾಗ, ಬೆಲ್ಟು ಬಿಗಿದು, ಕಣ್ಣು ಮುಚ್ಚಿ, ಮುಂದಿನ ಮುಚ್ಚಿದ ಬಾಗಿಲಾಚೆ ಏನೂ ಸದ್ದಿಲ್ಲದಿರುವುದನ್ನು ಕೇಳಿಸಿಕೊಳ್ಳಿ. ಆ ಶಾಂತಿ ಎಲ್ಲ ಸರಿಯಿದೆ ಎಂಬುದಕ್ಕೋ, ನೋಟೀಸಿನ ಹೆದರಿಕೆಗೋ? ತಮಗೆ ಗೊತ್ತಾಗುವುದು ಹೇಗೆ?

ಆದ್ದರಿಂದ ನನ್ನ ಬೇಡಿಕೆ ಒಂದೇ. ಸೋಮವಾರ ಅವಳು "ತಪ್ಪಾಯಿತು" ಎನ್ನಲು ಬಾಯಿ ತೆರೆಯುವ ಮೊದಲೇ ನೋಟೀಸನ್ನು ಹಿಂಪಡೆಯಿರಿ. ಮತ್ತೆ ಕೂಗು ಎಂದು ಬರೆದುಕೊಡಿ. ಭಾಷೆ ಅವಳ ಇಷ್ಟ.

ಇಂತಿ,
ಈ ಪತ್ರ ಅಚ್ಚಾದ ದಿನ ಅಕ್ಕ ನನ್ನ ಮೇಲೆಯೇ ಕೂಗುವಳೆಂದು ತಿಳಿದೂ, ಆ ಕೂಗಿಗಾಗಿಯೇ ಕಾಯುತ್ತಿರುವ
ಮಾಳಿಂಗ, ಇಜೇರಿ
(ಅಧ್ಯಕ್ಷ, ಕಾರ್ಯದರ್ಶಿ ಮತ್ತು ಏಕೈಕ ಸದಸ್ಯ, ತನಿಖಾ ಆಯೋಗ, ಗುರಮ್ಮನಿಗೆ ಎರಡು ತೊಗರಿ ಗಿಡದ ಬೆಲೆ ಇನ್ನೂ ಬಾಕಿ ಉಳಿಸಿಕೊಂಡವನು)