ಶುಕ್ರವಾರದ ಬುತ್ತಿ

ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ

ಪ್ರೀತಿಯ ಅಲೆಕ್ಸಾಂಡರ್,

ಜರ್ಮನಿಯಿಂದ ನೀವು ಕಳಿಸಿದ ಫೋಟೊಗಳನ್ನು ನೋಡಿದೆವು. ಹಳಿ ಕಿತ್ತ ಹಳೆಯ ರೈಲುದಾರಿಯಲ್ಲಿ, ನದಿಯ ಪಕ್ಕ, ಶುಕ್ರವಾರವಿಡೀ ಒಬ್ಬರೇ ನಡೆದಿರೆಂದು ಬರೆದಿದ್ದೀರಿ. ಮರಗಳೆಲ್ಲ ಚೆನ್ನಾಗಿ ಚಿಗುರಿವೆ. "ಮಮ್ಮಿ, ಡ್ಯಾಡಿ ಎಷ್ಟು ಹ್ಯಾಪಿ ಕಾಣ್ತಾರಲ್ಲ! ಇಲ್ಲಿದ್ರೆ ಯಾವಾಗ್ಲೂ ಸೀರಿಯಸ್," ಎಂದು ಸ್ಟೇಸಿ ನಕ್ಕಳು.

ನಾನು ನೋಡಿದ್ದು ಬೆಂಚಿನ ಮೇಲಿದ್ದ ನಿಮ್ಮ ಬುತ್ತಿಯನ್ನು. ಬ್ರೆಡ್ಡು, ಸೌತೆಕಾಯಿ, ಬೇಯಿಸಿದ ಆಲೂಗಡ್ಡೆ. ಈಸ್ಟರಿನ ಮುಂಚಿನ ಶುಕ್ರವಾರಗಳಲ್ಲಾದರೂ ಮಾಂಸ ಬಿಡಿ ಎಂದು ನಾನೆಷ್ಟು ಕೇಳಿಕೊಂಡರೂ, "ಹೋಗೇ ಬೆಟ್ಟಿ, ದೇವರು ನನ್ನ ಪ್ಲೇಟು ನೋಡ್ತಾ ಕೂತಿಲ್ಲ" ಎಂದು ಕೋಳಿ ತರಿಸಿಕೊಳ್ಳುತ್ತಿದ್ದವರು ನೀವು. ಅಲ್ಲಿ ಯಾರ ಮಾತಿಗೆ ಬಿಟ್ಟಿರಿ? ಗಂಡನ ಉಪವಾಸವನ್ನೂ ಅನುಮಾನಿಸುವ ಹೆಂಗಸಾದೆನೇ ಎಂದು ನಾಚಿಕೆಯೂ ಆಗುತ್ತಿದೆ. ನಿಜಕ್ಕೂ ನಾನು ಸಂತೋಷಪಡಬೇಕಿತ್ತು.

ಈಸ್ಟರಿಗೆ ನನಗೆ ರಜೆ ಸಿಕ್ಕಿದೆ, ವೀಸಾವೂ ಬಂದಿದೆ. ಟಿಕೆಟ್ ಮಾಡಿಸಲೇ? ಬೇಡವೆನ್ನುವುದಾದರೆ ಕಾರಣವನ್ನು ನನಗೇ ಬರೆಯಿರಿ. ಫೋನಿನಲ್ಲಿ ಸ್ಟೇಸಿಗೆ ಏನೂ ಹೇಳಬೇಡಿ. ಅವಳಿಗೆ ಹೇಳುವುದಿದ್ದರೆ ನಾನೇ ಹೇಳುತ್ತೇನೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಬೆಟ್ಟಿ